ಎಕ್ಸ್‌ರೇಗೆ ಕಾಣದ ಗುದ್ದು

ನೆಲೋಗಿಯ ನಿಂಬೆವ್ವನಿಗೆ ಬಾಯಿ ಜೋರು ಎಂದು ಊರು ಹೇಳುತ್ತದೆ. ಹೇಳಲಿ ಬಿಡಿ. ಆ ಬಾಯಿ ಇಲ್ಲದಿದ್ದರೆ ಅವಳು ಇವತ್ತು ಬದುಕಿರುತ್ತಿರಲಿಲ್ಲ.

ಗಂಡ ಸಿದ್ದರಾಮೇಶನಿಗೆ ಕಾಳಗದ ಟಗರಿನ ಹುಚ್ಚು. ಗೆದ್ದರೆ ಹೆಸರು ಅವನದು; ಹುರುಳಿ ನೆನೆಸಿ ತಿನ್ನಿಸುವ, ಮೈ ತಿಕ್ಕುವ ಕೆಲಸವೆಲ್ಲ ಇವಳದು. ಒಂದು ಬೆಳಿಗ್ಗೆ ಬಕೆಟ್ ಇಡಲು ಬಗ್ಗಿದಾಗ ಟಗರು ಹಿಂದೆ ಸರಿದು ಬಂದು ಎದೆಗೇ ಗುದ್ದಿತು. ಜೇವರ್ಗಿಯಲ್ಲಿ ಎಕ್ಸ್‌ರೇ ತೆಗೆಸಿದರು. ಎಲುಬು ಮುರಿದಿರಲಿಲ್ಲ.

ಅಲ್ಲಿಂದ ಶುರುವಾಯಿತು ಅವಳ ವನವಾಸ. ರೊಟ್ಟಿ ಬಡಿಯುವಾಗ ಏದುಸಿರು, ಸಂಜೆಯಾದರೆ ಕಾಲಿಗೆ ಬಾವು. ಕೆಲಸ ನಿಧಾನವಾದರೆ ಸಾಕು, ಸಿದ್ದರಾಮೇಶ ಎಕ್ಸ್‌ರೇಯ ಆ ಕರಿ ಹಾಳೆಯನ್ನು ಬಿಸಿಲಿಗೆ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದ.

"ನೋಡ್ರಿ, ಏನಾರ ಮುರದದೇನು? ಬರೇ ನಾಟಕ ಮಾಡಾಕತ್ತಾಳ."

ಹಾಳೆಯ ತಲೆಬುಡ ತಿಳಿಯದ ನೆರೆಯವರೂ ದೊಡ್ಡ ಡಾಕ್ಟರರ ಹಾಗೆ ತಲೆಯಾಡಿಸುತ್ತಿದ್ದರು. ನಿಂಬೆವ್ವನಿಗೆ ನೋವಿಗಿಂತ ಇದೇ ಹೆಚ್ಚು ಉರಿಯುತ್ತಿತ್ತು. ಸುಳ್ಳಿ ಎನ್ನಿಸಿಕೊಂಡೇ ಸಾಯುತ್ತೇನೇನೋ ಎಂಬ ಭಯವೂ ಇತ್ತು.

"ಅದು ಎಲುಬಿನ ಫೋಟೋರಿ. ನನಗ ಆಗಿದ್ದು ಅದರ ಒಳಗ," ಎಂದು ಒಂದು ದಿನ ರೊಟ್ಟಿಯ ಹಂಚನ್ನು ಒಲೆಯಿಂದ ಕೆಳಗಿಳಿಸಿದಳು. ಯಾರನ್ನೂ ಕೇಳದೆ ಕಲಬುರಗಿ ಬಸ್ಸು ಹತ್ತಿಯೇಬಿಟ್ಟಳು.

ಅಲ್ಲಿನ ಡಾಕ್ಟರ್ ಸಂಘಮಿತ್ರಾ ಅವಳ ಎದೆಬಡಿತವನ್ನು ಬಹಳ ಹೊತ್ತು ಕೇಳಿ, ಹೃದಯದ ಎಕೋ ಸ್ಕ್ಯಾನ್ ಮಾಡಿಸಿದರು.

"ಎದಿಗೆ ಏನಾರ ಜೋರಾಗಿ ಬಡದಿತ್ತೇನವ್ವಾ?"

"ಟಗರು ಗುದ್ದೇದ್ರಿ."

"ಹೃದಯದ ಒಳಗಿನ ಕವಾಟ ಹರದದ. ರಕ್ತ ಹಿಂದಕ್ಕ ಸೋರಾಕತ್ತದ. ಇದು ಎಕ್ಸ್‌ರೇದಾಗ ಕಾಣಂಗಿಲ್ಲ. ಆಪರೇಷನ್ ಮಾಡಿ ಹೊಲೀಬೇಕು."

ನಿಂಬೆವ್ವನಿಗೆ ಮೊದಲು ಖುಷಿಯಾಯಿತು, ಹೆದರಿಕೆ ಆಮೇಲೆ. ಮೊಬೈಲ್ ತೆಗೆದು ಗಂಡನಿಗೆ ಫೋನ್ ಹಚ್ಚಿ, ಡಾಕ್ಟರರ ಮುಂದೆ ಹಿಡಿದಳು. "ಈಗ ಹೇಳಿದ್ದು ಇನ್ನೊಮ್ಮೆ ಹೇಳ್ರಿ, ಮೇಡಂ. ಜೋರಾಗಿ."

ಸಿದ್ದರಾಮೇಶ ಓಡಿ ಬಂದ. ಕವಾಟ ಹೊಲಿದರು. ಅವಳು ಮನೆಗೆ ಮರಳಿದ ದಿನ ಅವನಿಗೆ ಹೆಂಡತಿಯ ಮುಖ ನೋಡುವ ಧೈರ್ಯವಿರಲಿಲ್ಲ. ನೇರ ಹೋಗಿ ಟಗರಿನ ಹಗ್ಗ ಬಿಚ್ಚಿದ. "ಈ ಸುಡಗಾಡ ಟಗರು ಇವತ್ತೇ ಮಾರಿ ಬರ್ತೇನಿ."

ನಿಂಬೆವ್ವ ಹೊಸ್ತಿಲಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಂಡಳು.

"ಹಗ್ಗ ಬಿಡ್ರಿ. ಅದು ಒಮ್ಮೆ ಗುದ್ದಿ ಸುಮ್ಮನಾತು. ನೀವು ದಿನಾ ನನಗ ಸುಳ್ಳಿ ಅಂದ್ರಿ. ಈ ಮನಿ ಬಿಟ್ಟು ಹೋಗೂದಿದ್ರ ಮೊದಲ ಪಾಳಿ ಯಾರದು, ನೀವೇ ಹೇಳ್ರಿ."