‘ಬರ್ತೇನ್ರಿ’ ಎನ್ನದ ಸಾರಥಿ

ಬೀದರ್ ಜಿಲ್ಲೆಯ ಚಾಲಕವೃಂದದಲ್ಲಿ ಇಂದಿನ ಸನ್ಮಾನಿತರಾದ ಮಕ್ಬೂಲ ಸಾಹೇಬರ ಸ್ಥಾನ ವಿಶಿಷ್ಟವಾದುದು. ಆ ಸ್ಥಾನಕ್ಕಾಗಿ ಅವರೊಡನೆ ಪೈಪೋಟಿಗಿಳಿದವರು ಯಾರೂ ಇಲ್ಲ. ನಗರದ ಖಾಸಗಿ ಆಸ್ಪತ್ರೆಯೊಂದರ ಶವವಾಹನವನ್ನು ಯೌವನದಿಂದ ನಿವೃತ್ತಿಯವರೆಗೂ ನಡೆಸಿ, ಭಾಲ್ಕಿ, ಔರಾದ್ ತಾಲ್ಲೂಕುಗಳ ಊರೂರಿಗೆ ಅಗಲಿದವರನ್ನು ಸುರಕ್ಷಿತವಾಗಿ ಮುಟ್ಟಿಸಿದ ಹಿರಿಯರು ಅವರು.

ಅವರಿಗೂ ಮೊದಲು, ಈ ಗಾಡಿಗೆ ಉಳಿದ ಚಾಲಕರಿಗಿಂತ ಒಂದೂವರೆ ಪಟ್ಟು ಪಗಾರವೆಂದು ಕೇಳಿ ಬಂದ ಸಾಜಿದನೆಂಬ ತರುಣ, ಮೊದಲ ಸವಾರಿ ಮುಗಿಸಿ ಕೀಲಿಯನ್ನು ಮೇಜಿನ ಮೇಲಿಟ್ಟು ನಾಪತ್ತೆಯಾದ. ಆ ಕೀಲಿಯನ್ನು ಎತ್ತಿಕೊಂಡವರೇ ಮಕ್ಬೂಲ ಸಾಹೇಬರು. “ಇಂಥಾ ನೌಕರಿ ಯಾಕ್ರಿ ಹಿಡದ್ರಿ?” ಎಂದು ಜೊತೆಯವರು ಕೇಳಿದರೆ, “ಪಗಾರ ಛಲೋ ಅದ. ಅದರ ಮ್ಯಾಲ, ಹಿಂದ ಮಲಗಿದವರ ತಕರಾರಿಲ್ಲ. ಗಚ್ಚನೆ ಬ್ರೇಕ್ ಹಾಕಿದ್ರೂ ಬೈಯಂಗಿಲ್ಲ ನೋಡ್ರಿ” ಎಂದು ನಗಿಸುತ್ತಿದ್ದರು.

ಸೇವೆಗೆ ಸೇರಿದ ಹೊಸದರಲ್ಲಿ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ಸತ್ಯಮ್ಮನವರ ಯಜಮಾನರನ್ನು ಮನೆಗೆ ತಂದು, ಹೆಗಲು ಕೊಟ್ಟು ಇಳಿಸಿ, ಹೊರಡುವಾಗ ರೂಢಿಯಂತೆ ಕೈಮುಗಿದು “ಬರ್ತೇನ್ರಿ, ಅವ್ವಾ” ಎಂದುಬಿಟ್ಟರು. ಅಳುತ್ತಿದ್ದ ಸತ್ಯಮ್ಮ ತಟ್ಟನೆ ಅಳು ನಿಲ್ಲಿಸಿ, “ಏ ತಮ್ಮಾ, ನೀ ಮತ್ತ ಬರಬ್ಯಾಡಪ್ಪೋ! ಒಮ್ಮಿ ಬಂದದ್ದೇ ಸಾಕಾಗ್ಯಾದ!” ಎಂದರು. ಸಾವಿನ ಮನೆಯೆಂಬುದನ್ನೂ ಮರೆತು ಯಾರೋ ಕಿಸಕ್ಕನೆ ನಕ್ಕರು.

ಅಂದಿನಿಂದ ಸಾಹೇಬರು ಯಾವ ಹೊಸ್ತಿಲಲ್ಲೂ ‘ಬರ್ತೇನಿ’ ಎನ್ನಲಿಲ್ಲ. ‘ಹೋಗ್ತೇನ್ರಿ’ ಎಂದೇ ಇಳಿಯುತ್ತಿದ್ದರು. ನಾಲಿಗೆ ಅದಕ್ಕೇ ಪಳಗಿ, ಸ್ವಂತ ಮನೆಯಿಂದ ಹೊರಡುವಾಗಲೂ ಅದೇ ಮಾತು ಬರತೊಡಗಿತು. “ಮುಂಜಾನೆದ್ದು ಅಪಶಕುನ ನುಡೀತೀರಿ!” ಎಂದು ಪತ್ನಿ ಹಮೀದುನ್ನಿಸಾ ತಮ್ಮ ದಖನಿ ಉರ್ದುವಿನಲ್ಲಿ ಗದರುವುದು ನಿತ್ಯದ ಪಾಠವಾಯಿತು.

ಗಾಡಿಯನ್ನು ಊರ ಹೊರಗೆ ನಿಲ್ಲಿಸಿ, ಮೊದಲು ತಾವೇ ನಡೆದುಹೋಗಿ ಮನೆಯವರಿಗೆ ಮೆಲ್ಲಗೆ ತಿಳಿಸುವುದು ಅವರ ಕ್ರಮ. ಜೊತೆಗೆ ಬಂದ ಬಂಧುಗಳನ್ನು ದಾರಿಯಲ್ಲಿ ಇಳಿಸಿ, “ಅಳ್ಲಾಕೂ ಹೊಟ್ಯಾಗ ಏನಾರ ಇರಬೇಕ್ರಿ” ಎಂದು ಒತ್ತಾಯದಿಂದ ಚಹಾ ಕುಡಿಸುತ್ತಿದ್ದರು. ದುಃಖದಲ್ಲಿ ಕೈ ಹಿಡಿದು ಅತ್ತ ಅವೇ ಮನೆಗಳು ಮದುವೆಗೆ ಮಾತ್ರ ಅವರನ್ನು ಕರೆಯುತ್ತಿರಲಿಲ್ಲ. ಸಾಹೇಬರು ಯಾರ ಮೇಲೂ ಮುನಿಸಿಕೊಂಡವರಲ್ಲ. ಆದರೆ ಹಂದರ ಹಾಕಿದ ಓಣಿಯಲ್ಲಿ ಹೋಗಬೇಕಾಗಿ ಬಂದರೆ ಸುತ್ತುಬಳಸಿ ಹೋಗುತ್ತಿದ್ದರು. ಒಂದು ಮನೆಗಾದರೂ ಮಂಗಳಕಾರ್ಯಕ್ಕೆ ಹೋಗಿ ಬರಬೇಕೆಂಬ ಆಸೆಯನ್ನು ಪತ್ನಿಯ ಮುಂದೆ ಮಾತ್ರ ಹೇಳಿಕೊಂಡಿದ್ದರು.

ನಿವೃತ್ತಿಯ ವಾರದಲ್ಲಿ ಆಸ್ಪತ್ರೆಯ ಬಾಗಿಲಿಗೆ ಕೋಲೂರಿಕೊಂಡು ಬಂದವರು ಅದೇ ಸತ್ಯಮ್ಮ. ಕೈಯಲ್ಲಿ ಮೊಮ್ಮಗಳು ಸುಜಾತಾಳ ಲಗ್ನಪತ್ರಿಕೆ.

“ಬರಬ್ಯಾಡ ಅಂದಾಕಿನೇ ಬಾ ಅನ್ಲಾಕ ಬಂದೀನಿ. ನಿನ್ನ ಹೇಣ್ತಿನ್ನೂ ಕರಕೊಂಡು ಬಾ. ಆ ಗಾಡಿ ಮಾತ್ರ ಬ್ಯಾಡೋ ನಮ್ಮಪ್ಪಾ!”

“ಬಸ್ಸಿಗೇ ಬರ್ತೇವ್ರಿ ಅವ್ವಾ” ಎಂದು ಸಾಹೇಬರು ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಭಾತಂಬ್ರಾದ ಹಂದರದಲ್ಲಿ ಅವರನ್ನು ಮೊದಲ ಪಂಕ್ತಿಯಲ್ಲೇ ಕೂಡಿಸಿದರು. ಊಟ ಮುಗಿಸಿ, ವಧೂವರರಿಗೆ ಅಕ್ಷತೆ ಹಾಕಿ, ಹೊಸ್ತಿಲ ಬಳಿ ಬಂದ ಸಾಹೇಬರು ಕೈಮುಗಿದು “ಹೋ…” ಎಂದು ತಡವರಿಸಿದರು. ಹಮೀದುನ್ನಿಸಾ ಮೊಣಕೈಯಿಂದ ತಿವಿದರು. ಸತ್ಯಮ್ಮ ಕಣ್ಣರಳಿಸಿ ಕಾದರು.

“ಬರ್ತೇನ್ರಿ, ಅವ್ವಾ.”

“ಹಾಂ, ಬಾರಪ್ಪಾ. ತೊಟ್ಟಿಲಿಗೂ ಬಾ.”

ಈಗ ಸಾಹೇಬರು ಶಾಲಾಮಕ್ಕಳ ಆಟೊ ನಡೆಸುತ್ತಿದ್ದಾರೆ. ಅಲ್ಲಿ ಪಗಾರ ಕಡಿಮೆ, ತಕರಾರು ವಿಪರೀತ. ಬ್ರೇಕ್ ಹಾಕಿದರೆ ಹಿಂದಿನಿಂದ ಬೈಗುಳದ ಮಳೆ. ಸನ್ಮಾನಿತರ ಸೇವೆ ಹೀಗೇ ಮುಂದುವರಿಯಲೆಂದು ಹಾರೈಸಲು ಶವವಾಹನದ ದಿನಗಳಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಇಂದು ತುಂಬು ಮನಸ್ಸಿನಿಂದ ಹಾರೈಸಬಹುದಾಗಿದೆ. ಅವರ ಆಯುಷ್ಯ ನೂರು ದಾಟಲಿ, ಸಂಜೆ ಮಕ್ಕಳನ್ನು ಮನೆಮನೆಯ ಬಾಗಿಲಿಗೆ ಇಳಿಸಿ, ಅವರು ಗಟ್ಟಿಯಾಗಿ ಕೂಗಿ ಹೇಳುತ್ತಿರಲಿ: “ನಾಳಿ ಬರ್ತೇನ್ರಿ!”