ಶೇಂಗಾ ಡಬ್ಬಿಗೆ ಕಟ್ಟಿದ ಸೀರೆಯ ಅಂಚು

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಓದಿದ್ದು ವಾಣಿಜ್ಯ. ಚರ್ಮದ ವಿಷಯವಾಗಲಿ ಆಹಾರದ ವಿಷಯವಾಗಲಿ ನನ್ನ ಮೂರು ವರ್ಷದ ಪಠ್ಯದಲ್ಲಿ ಎಲ್ಲಿಯೂ ಬಂದಿರಲಿಲ್ಲ. ಇದನ್ನು ಇಲ್ಲಿ ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಹೇಳಬೇಕಾಗಿದ್ದ ಕಾಲದಲ್ಲಿ ಹೇಳಲಿಲ್ಲ. ದಾಸನಕೊಪ್ಪದ ನಮ್ಮ ಮನೆಯಲ್ಲಿ 'ಓದಿದಾಕಿ' ಎಂದರೆ ಎಲ್ಲವನ್ನೂ ಓದಿದವಳು ಎಂದೇ ತಿಳಿಯುತ್ತಿದ್ದರು. ಗೊಬ್ಬರದ ಚೀಲದ ಮೇಲಿನ ಬರಹ, ಅಪ್ಪನ ರಕ್ತಪರೀಕ್ಷೆಯ ಚೀಟಿ, ಪಂಚಾಯಿತಿಯ ನೋಟೀಸು, ಎಲ್ಲವೂ ನನ್ನ ಮುಂದೆ ಬರುತ್ತಿದ್ದವು. ಗೊತ್ತಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ನಾನು ಶಿರಸಿಯ ಹಾಸ್ಟೆಲಿನಲ್ಲಿದ್ದು ಪದವಿಯ ಕೊನೆಯ ವರ್ಷ ಓದುತ್ತಿದ್ದಾಗ, ಪಿಯುಸಿಯಲ್ಲಿದ್ದ ತಂಗಿಯ ಮುಖದ ಮೇಲೆ ಮೊಡವೆಗಳೆದ್ದವು. ಮೊದಲು ಹಣೆ, ಬಳಿಕ ಎರಡೂ ಕೆನ್ನೆ. ಅವಳು ಓಣಿಯವರ ಕಣ್ಣುಗಳಿಗೆ ಹೆದರಿ ದುಪಟ್ಟಾ ಮೂಗಿನವರೆಗೆ ಎಳೆದುಕೊಂಡು ಬಸ್ಸು ಹತ್ತುತ್ತಿದ್ದಳು. ಒಂದು ಶನಿವಾರ ನಾನು ಮನೆಗೆ ಬಂದಾಗ ಅವ್ವ ಅವಳ ಗದ್ದ ಹಿಡಿದು ನನ್ನತ್ತ ತಿರುಗಿಸಿದಳು.

"ನೋಡವಾ, ಏನಾಗೇತಿ ಇದಕ್ಕ? ನೀ ಓದಿದಾಕಿ, ಹೇಳು."

"ತಿನ್ನೂದರಿಂದ ಆಗೇತವ್ವ," ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಆ ರಾತ್ರಿಯ ಊಟಕ್ಕೆ ಮುಂಚೆಯೇ ಪಟ್ಟಿ ಸಿದ್ಧವಾಗಿತ್ತು. ಮೊಬೈಲಿನಲ್ಲಿ ನೋಡಿದ ಎರಡು ವಿಡಿಯೋ, ಹಾಸ್ಟೆಲಿನ ಹುಡುಗಿಯರ ಮಾತು, ಅಜ್ಜಿಯ ಕಾಲದ ಉಷ್ಣ-ತಂಪಿನ ಲೆಕ್ಕಾಚಾರ, ಇಷ್ಟನ್ನು ಕೂಡಿಸಿ ದುಂಡನೆಯ ಅಕ್ಷರದಲ್ಲಿ ಬರೆದೆ. ಶೇಂಗಾ ಬೇಡ, ಬೆಲ್ಲ ಬೇಡ, ತುಪ್ಪ ಬೇಡ, ಹಾಲು ಬೇಡ, ಎಳ್ಳು ಬೇಡ, ಮಾವು ಬೇಡ, ಕರಿದದ್ದು ಯಾವುದೂ ಬೇಡ. ಮೇಲೆ 'ವೈಜ್ಞಾನಿಕ ಪಥ್ಯಕ್ರಮ' ಎಂಬ ಶೀರ್ಷಿಕೆ ಕೊಟ್ಟು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ.

ಅವ್ವನಿಗೆ ಓದಲು ಬಾರದು. ಮೂರು ಸಲ ನನ್ನಿಂದ ಓದಿಸಿ ಕೇಳಿದಳು. ಅನಂತರ ಹಳೆಯ ಇಳಕಲ್ ಸೀರೆಯ ಕೆಂಪು ಅಂಚನ್ನು ಕತ್ತರಿಸಿ, ಬೇಡವೆಂದ ಪ್ರತಿಯೊಂದು ಡಬ್ಬಿಯ ಕೊರಳಿಗೂ ಒಂದೊಂದು ತುಂಡು ಕಟ್ಟಿದಳು. ಕೆಲಸದ ಗಡಿಬಿಡಿಯಲ್ಲಿ ಕೈ ತಪ್ಪಬಾರದೆಂದು ಆ ಗುರುತು. ಅಡಿಗೆಮನೆಯ ಗೋಡೆಗೆ ಬಡಿದ ಹಲಗೆಯ ನಾಗೊಂದಿಗೆಯ ಮೇಲೆ ಅಂದು ಗಂಟು ಬೀಳದೆ ಉಳಿದದ್ದು ಉಪ್ಪು, ಅಕ್ಕಿ, ಜೋಳ, ಬೇಳೆಗಳ ಡಬ್ಬಿಗಳಷ್ಟೇ. ಅಪ್ಪ ಇಣುಕಿ ನೋಡಿ, "ಇದೇನು, ಡಬ್ಬಿಗೂ ಲಗ್ನ ಮಾಡೀರೇನು?" ಎಂದು ನಕ್ಕು, ಬಳಿಕ ಗಂಭೀರವಾಗಿ, "ಓದಿದಾಕಿ ಹೇಳ್ಯಾಳಂದ ಮ್ಯಾಲೆ ಪಾಲಿಸ್ರಿ," ಎಂದರು.

ಮರುವಾರ ನಾನು ಇನ್ನೊಂದು ಕೆಲಸ ಮಾಡಿದೆ. ನನ್ನ ಕೋಣೆಯ ಗೆಳತಿ, ಮಂಚಿಕೇರಿ ಕಡೆಯ ತೋಟದ ಮನೆಯವಳು, ತನ್ನ ಮೊಡವೆಗೆ ಒಂದು ಮುಲಾಮು ಹಚ್ಚುತ್ತಿದ್ದಳು. "ಆನೂ ಇದನ್ನೇ ಹಚ್ಕತ್ತೆ ಮಾರಾಯ್ತಿ, ಎಂತೂ ಆಜಿಲ್ಲೆ," ಎಂದು ತನ್ನ ಮನೆಮಾತಿನಲ್ಲೇ, ತನಗೇನೂ ಆಗಿಲ್ಲವೆಂದು ಧೈರ್ಯ ಕೊಟ್ಟಳು. ಔಷಧದ ಅಂಗಡಿಯಲ್ಲಿ ಯಾರೂ ಚೀಟಿ ಕೇಳಲಿಲ್ಲ. ಆ ಟ್ಯೂಬು ತಂದು ತಂಗಿಗೆ ಕೊಟ್ಟೆ. ಮನೆಯಲ್ಲಿ ಹೇಳಲಿಲ್ಲ, ಪಟ್ಟಿಯ ಮೇಲೆ ನನಗೇ ಪೂರ್ಣ ನಂಬಿಕೆಯಿಲ್ಲವೆಂದು ತಿಳಿದುಬಿಡುತ್ತದೆ ಎಂಬ ಅಳುಕು.

ಹತ್ತು ದಿನಗಳಲ್ಲಿ ತಂಗಿಯ ಮುಖ ನುಣುಪಾಯಿತು. ಅವ್ವ ಪಟ್ಟಿಗೆ ಕೈಮುಗಿಯುವುದೊಂದು ಬಾಕಿ. ಆ ಕೀರ್ತಿಯನ್ನು ನಾನು ನಿರಾಕರಿಸಲಿಲ್ಲ.

ಒಂದೆರಡು ತಿಂಗಳು ಕಳೆಯುತ್ತಲೇ ಮೊಡವೆಗಳು ಮರಳಿದವು. ಈ ಸಲ ಬೆಂಕಿ ತಾಗಿದಂತೆ ಕೆಂಪಾಗಿ, ಗುಂಪುಗುಂಪಾಗಿ ಎದ್ದವು. ಮುಲಾಮು ಒಂದು ದಿನ ಬಿಟ್ಟರೂ ಉರಿ. ಆಗಲಾದರೂ ನಾನು ಟ್ಯೂಬನ್ನು ಅನುಮಾನಿಸಬೇಕಾಗಿತ್ತು. ನಾನು ಅಡಿಗೆಮನೆಯನ್ನು ಅನುಮಾನಿಸಿದೆ. ಒಂದು ಭಾನುವಾರ ತಂಗಿ ಹಿತ್ತಲಲ್ಲಿ ನಿಂತು ಏನನ್ನೋ ಅಗಿಯುತ್ತಿದ್ದುದನ್ನು ಕಂಡು ಕೈ ಬಿಡಿಸಿ ನೋಡಿದರೆ ಹುರಿದ ಶೇಂಗಾ ನಾಲ್ಕು ಕಾಳು.

"ನಿನ್ನ ಮುಖ ನೀನ ಕೆಡಿಸ್ಕೋತೀದಿ. ನಾ ಯಾಕ ಬಡ್ಕೋಬೇಕು?"

"ಹಸಿವಾಗಿತ್ತಕ್ಕ," ಎಂದಳು. ಬರಿ ರೊಟ್ಟಿ, ತಿಳಿಸಾರು, ಬೇಯಿಸಿದ ಸೊಪ್ಪು ತಿಂದು ಅವಳ ಚೂಡಿದಾರದ ತೋಳು ಸಡಿಲಾಗಿತ್ತು. ಮಾರನೆಯ ದಿನ ಅವಳ ಗಲ್ಲದ ಮೇಲೆ ಹೊಸ ಮೊಡವೆಯೊಂದು ಕಾಣಿಸಿದಾಗ, ಸಾಕ್ಷಿ ಸಿಕ್ಕಿದವಳಂತೆ ಅದನ್ನು ಅವ್ವನಿಗೆ ತೋರಿಸಿದೆ. ಅವ್ವ ಶೇಂಗಾ ಡಬ್ಬಿಯ ಗಂಟನ್ನು ಇನ್ನಷ್ಟು ಬಿಗಿದಳು.

ಅಷ್ಟರಲ್ಲಿ ನಾಗರಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಉಂಡಿಯ ಹಬ್ಬ. ಎಳ್ಳು, ಶೇಂಗಾ, ಪುಟಾಣಿ, ಜೋಳದ ಅರಳಾದ ಅಳ್ಳು, ಒಂದೊಂದರದೂ ಬೆಲ್ಲದ ಪಾಕದ ಉಂಡಿ ಕಟ್ಟಿ, ತಾಟು ತುಂಬಿ ಮನೆಮನೆಗೆ ಬೀರುವುದು ರೂಢಿ. ಅವ್ವನ ಶೇಂಗಾ ಉಂಡಿಗೆ ಓಣಿಯಲ್ಲಿ ಹೆಸರಿತ್ತು. ಪಾಕದ ಹದ ಕೇಳಲು ಹೆಂಗಸರು ಬರುತ್ತಿದ್ದರು. ಆ ವರ್ಷ ಅವಳು ಉಂಡಿ ಕಟ್ಟಲಿಲ್ಲ. ಮಗಳು ತಿನ್ನಲಾರದ್ದನ್ನು ಅವಳ ಕಣ್ಣೆದುರು ಹೇಗೆ ಕಟ್ಟುವುದು ಎಂದಳು. ಜೋಳದ ಅಳ್ಳಿಗೆ ಉಪ್ಪು-ಖಾರ ಬೆರೆಸಿ ತಾಟಿಗೆ ಹಾಕಿ ಕಳಿಸಿದಳು.

ಪಕ್ಕದ ಮನೆಯ ದೊಡ್ಡವ್ವ ತಾಟಿನ ವಸ್ತ್ರ ಸರಿಸಿ, "ಇದೇನ ಬೇ? ಉಂಡಿ ಬೀರೂ ಹಬ್ಬಕ್ಕ ಖಾರದ ಅಳ್ಳು ಬೀರಾಕತ್ತಿ?" ಎಂದು ಕೇಳಿದಳು.

"ನಮ್ಮ ಹುಡುಗಿಗೆ ಸಣ್ಣಾಕಿದ್ದಾಗಿಂದ ನಾ ಶೇಂಗಾ ತಿನಿಸಿ ತಿನಿಸಿ ಹಿಂಗಾತವಾ. ದೊಡ್ಡಾಕಿ ಹೇಳಿದ ಮ್ಯಾಲೆ ತಿಳೀತು," ಎಂದಳು ಅವ್ವ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ತಪ್ಪು ತನ್ನದೇ ಎಂದು ಅವಳು ಒಪ್ಪಿಕೊಂಡಾಗಿತ್ತು.

ಹಬ್ಬ ಮುಗಿದ ಮೇಲೆ ತಂಗಿ ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದಳು. ಆಗ ಬೇರೆ ದಾರಿಯಿಲ್ಲದೆ ಶಿರಸಿಯ ಚರ್ಮರೋಗದ ಡಾಕ್ಟರರ ಬಳಿಗೆ ಕರೆದೊಯ್ದೆ. ನಡುವಯಸ್ಸಿನ ಹೆಂಗಸು, ನಿಧಾನದ ಮಾತು. ತಂಗಿ ಚೀಲದಿಂದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು.

"ಮೊದಲು ಚೊಲೋ ನುಣ್ಣಗಾಯ್ತು, ಆಮೇಲೆ ಕೆಂಪಾಗಿ ಎದ್ದಿತು, ಹೌದಾ?" ಎಂದು ಅವರೇ ಹೇಳಿದರು. "ಇದರಲ್ಲಿ ಸ್ಟೆರಾಯ್ಡ್ ಇದೆ. ಮೊಡವೆಗೆ ಹಚ್ಚುವ ಔಷಧ ಅಲ್ಲ ಇದು. ಯಾರು ಹೇಳಿದ್ದು ಹಚ್ಚೋಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ, "ಅಂಗಡಿಯಾಗ ಕೊಟ್ರರಿ ಮೇಡಂ," ಎಂದಳು. ನನ್ನತ್ತ ನೋಡಲಿಲ್ಲ.

ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಪ್ರಾಯಕ್ಕೆ ಬರುವಾಗ ಹಾರ್ಮೋನು ಹೆಚ್ಚಿ ಚರ್ಮದ ಎಣ್ಣೆಗ್ರಂಥಿಗಳು ಚುರುಕಾಗುತ್ತವೆ, ರಂಧ್ರ ಕಟ್ಟಿಕೊಳ್ಳುತ್ತದೆ, ಅಲ್ಲಿ ಸೂಕ್ಷ್ಮಜೀವಿ ಬೆಳೆದು ಬಾವು ಬರುತ್ತದೆ. ತಂದೆತಾಯಿಗೆ ಬಂದಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ತಲೆಗೆ ಹಾಕಿದ ಎಣ್ಣೆ ಹಣೆಗಿಳಿದರೂ ಏಳಬಹುದು. ಹೊಟ್ಟೆಗೆ ಹೋದ ಎಣ್ಣೆ ಮುಖಕ್ಕೆ ಬರುವುದಿಲ್ಲ.

"ಶೇಂಗಾ ತಿನಬೌದೇನ್ರಿ?" ಎಂದು ತಂಗಿ ಮೆಲ್ಲಗೆ ಕೇಳಿದಳು.

ಡಾಕ್ಟರು ನಕ್ಕರು. "ತಿನ್ನು ಮಾರಾಯ್ತಿ. ಮೈಯಲ್ಲಿ ಕಸುವೇ ಇಲ್ಲ ನಿನಗೆ. ಬೇಕರಿ ತಿಂಡಿ, ಸಿಹಿ ಪಾನೀಯ, ಕೆಲವರಿಗೆ ಹಾಲು, ಇವು ಸ್ವಲ್ಪ ಹೆಚ್ಚು ಮಾಡಬಹುದು. ನಿನಗೆ ಹಾಗೆ ಅನ್ನಿಸಿದರೆ ಅದೊಂದನ್ನು ಕಡಿಮೆ ಮಾಡು. ಉಪವಾಸ ಯಾರು ಹಾಕಿದ್ದು?"

ನಾನು ಔಷಧದ ಚೀಟಿಗೆ ಕೈ ಚಾಚಿದೆ.

ಮನೆಗೆ ಬಂದೊಡನೆ ಅವ್ವ ಕೇಳಿದಳು: "ಏನಂದ್ರು ಡಾಕ್ಟ್ರು?"

ಬಸ್ಸಿನಲ್ಲಿ ಒಂದು ಗಂಟೆ ಕಾಲ ಸರಿಯಾದ ವಾಕ್ಯವನ್ನು ಕಟ್ಟಿಕೊಂಡಿದ್ದೆ. ಪಟ್ಟಿಯ ಮೇಲಿದ್ದ 'ವೈಜ್ಞಾನಿಕ' ಎಂಬ ಮಾತು ಕಣ್ಣಿಗೆ ಬಿತ್ತು. ನಾಗೊಂದಿಗೆಯ ಮೇಲಿನ ಕೆಂಪು ಗಂಟುಗಳು ಕಂಡವು. "ಗುಳಿಗಿ, ಮುಲಾಮು ಕೊಟ್ಟಾರ," ಎಂದೆ. "ಪಥ್ಯ ಹಿಂಗ ನಡೀಲಿ ಅಂದ್ರು."

ತಂಗಿ ಚಪ್ಪಲಿ ಬಿಡುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿ ಒಳಗೆ ಹೋದಳು.

ಡಾಕ್ಟರರ ಔಷಧಕ್ಕೆ ಅವಳ ಮುಖ ನಿಧಾನವಾಗಿ ತಿಳಿಯಾಯಿತು. ಕೆನ್ನೆಯ ಮೇಲೆ ಕೆಲವು ಕುಳಿಗಳು ಉಳಿದವು. ಊರಿನಲ್ಲಿ ಗೆದ್ದದ್ದು ಮಾತ್ರ ನನ್ನ ಪಟ್ಟಿ. ವಯಸ್ಸಿಗೆ ಬಂದ ಹೆಣ್ಣುಮಕ್ಕಳ ತಾಯಂದಿರು ಬಂದು ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರು ಹಿತ್ತಲಲ್ಲಿ ನಿಂತು ಕದ್ದು ತಿಂದರೋ ನನಗೆ ತಿಳಿಯದು.

ತಂಗಿ ಈಗ ಯಲ್ಲಾಪುರದ ಸೊಸೆ. ಪ್ರತಿವರ್ಷ ಪಂಚಮಿಗೆ ತವರಿಗೆ ಬರುತ್ತಾಳೆ, ಅವ್ವ ಪ್ರತಿವರ್ಷ ಖಾರದ ಅಳ್ಳು ಮಾಡುತ್ತಾಳೆ. ಮತ್ತೆ ಎಲ್ಲಿ ಮುಖದ ಮೇಲೆ ಏಳುತ್ತದೋ ಎಂಬ ಭಯ. ಈ ವರ್ಷ ನಾವಿಬ್ಬರೇ ಕಟ್ಟೆಯ ಮೇಲೆ ಕುಳಿತಿದ್ದಾಗ ತಂಗಿ ಅಳ್ಳನ್ನು ಕೈಯಲ್ಲಿ ಆಡಿಸುತ್ತ, "ಅಲ್ಲಿ ನಾ ಎಲ್ಲಾ ತಿಂತೀನಕ್ಕ. ತವರುಮನ್ಯಾಗ ಅಷ್ಟ ನಿನ್ನ ಪಟ್ಟಿ," ಎಂದಳು. ನಗುತ್ತಲೇ ಹೇಳಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ಒಳಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಟ್ಯೂಬು ತಂದವಳು ನಾನು, ಡಾಕ್ಟರು ಪಥ್ಯ ಬೇಡವೆಂದಿದ್ದರು, ನಾನು ಸುಳ್ಳು ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವ್ವ ಟ್ಯೂಬಿನ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಹಂಗಾರ ನಾ ತಿನಿಸಿದ್ದರಿಂದ ಆಗಿದ್ದಲ್ಲೇನು?"

ಕೆಲವರಿಗೆ ಹಾಲು, ಕೆಲವರಿಗೆ ಸಿಹಿ, ಎಂದು ಡಾಕ್ಟರು ಹೇಳಿದ್ದು ನಾಲಿಗೆಯ ತುದಿಗೆ ಬಂದಿತು. ಈ ಸಲವಾದರೂ ಯಾವ ಮಾತನ್ನೂ ಅರ್ಧಕ್ಕೆ ಬಿಡದೆ ಸರಿಯಾಗಿ ಹೇಳಬೇಕೆಂಬ ನನ್ನ ಹಟವನ್ನು ಅಂದು ನುಂಗಿಕೊಂಡೆ.

"ಅಲ್ಲವ್ವ," ಎಂದೆ.

ಅವಳು ಶೇಂಗಾ ಡಬ್ಬಿಯನ್ನು ಇಳಿಸಿ ಗಂಟಿಗೆ ಕೈ ಹಾಕಿದಳು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ ಎರಡು ವರ್ಷವಾಗಿದೆ, ಬಿಚ್ಚಲಾಗಲಿಲ್ಲ. ನಾನು ಹಲ್ಲಿನಿಂದ ಬಿಚ್ಚಿದೆ. ಪಾಕದ ಹದವನ್ನು ಅವಳು ಕುಳಿತಲ್ಲಿಂದಲೇ ಹೇಳಿದಳು. ಪಾಕ ಆರುವ ಮೊದಲು ಬಿಗಿಯಾಗಿ ಕಟ್ಟಬೇಕು, ಅದು ಅವಳ ಕೈಗೆ ಇನ್ನು ಸಾಧ್ಯವಿಲ್ಲ. ನಮ್ಮ ಕೈಗೆ ಎಂದೂ ಬಂದಿರಲಿಲ್ಲ. ನಾನೂ ತಂಗಿಯೂ ಕಟ್ಟಿದ ಉಂಡಿಗಳು ತಾಟಿನಲ್ಲಿ ಒಡೆದು ಬಿದ್ದವು. ಓಣಿಗೆ ಬೀರಲು ಬರುವಂಥದು ಒಂದೂ ಆಗಲಿಲ್ಲ. ತಂಗಿ ಆ ಪುಡಿಯನ್ನೇ ಚಮಚದಲ್ಲಿ ತಿಂದಳು. ಅವಳು ತಿನ್ನುವಷ್ಟು ಹೊತ್ತೂ ಅವ್ವ ಅವಳ ಮುಖವನ್ನೇ ನೋಡುತ್ತಿದ್ದಳು.