ಅವರೆ ಕಾಲದ ಸ್ಕ್ಯಾನು

ಕಳೆದ ವಾರ ನಮ್ಮ ಸ್ಕ್ಯಾನ್ ಸೆಂಟರಿಗೆ ಬಂದ ಒಬ್ಬರು ಸಂತೆ ಮುಗಿಸಿಕೊಂಡು ನೇರ ಬಂದಿದ್ದರೆಂದು ಕಾಣುತ್ತದೆ, ಕೈಯಲ್ಲಿ ಒಂದು ಚೀಲ ಅವರೆಕಾಯಿ ಇತ್ತು. ಫಿನೈಲ್ ವಾಸನೆ ಬಿಟ್ಟು ಬೇರೇನೂ ಸುಳಿಯದ ಆ ಎಸಿ ಹಾಲ್‌ನಲ್ಲಿ ಅವರೆಯ ಸೊಗಡು ತುಂಬಿಕೊಂಡಿತು. ರಿಸೆಪ್ಷನ್ನಿನ ಹುಡುಗಿ ಮುಖ ಸಿಂಡರಿಸಿದಳು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ… ವರ್ತೂರಿನ ನಮ್ಮ ಓನರಮ್ಮ ಕಣ್ಣ ಮುಂದೆ ಬಂದುಬಿಟ್ಟರು.

ನಾನು ಗದಗದ ಕಡೆಯವಳು. ಎಂಆರ್‌ಐ ಟೆಕ್ನಿಷಿಯನ್ ಆಗಿ ಬ್ರೂಕ್‌ಫೀಲ್ಡಿನ ಒಂದು ಸೆಂಟರಿಗೆ ಸೇರಿದ ಹೊಸತರಲ್ಲಿ ಅವರ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಹೊಲವೆಲ್ಲ ಎಂದೋ ಅಪಾರ್ಟ್‌ಮೆಂಟ್ ಆಗಿತ್ತು. ಮನೆಯ ಹಿಂದೆ ಉಳಿದಿದ್ದ ಒಂದು ಪಟ್ಟಿ ಜಾಗದಲ್ಲಿ ಹಟ ಹಿಡಿದು ಅವರೆ ಹಾಕುತ್ತಿದ್ದರು. ಸುತ್ತಲಿನ ಯಾವ ಊರಿನಲ್ಲಿ ಮದುವೆಯಾದರೂ ಓನರಮ್ಮ ಹಾಜರು. ರೇಷ್ಮೆ ಸೀರೆ ಉಟ್ಟು ಮೊದಲ ಪಂಕ್ತಿಯಲ್ಲೇ ಕೂತು, ಊಟ ಹೇಗಿತ್ತೆಂದು ಬಂದು ನನಗೆ ಎಲೆಯ ತುದಿಯ ಉಪ್ಪಿನಿಂದ ಹಿಡಿದು ವರದಿ ಒಪ್ಪಿಸುತ್ತಿದ್ದರು.

ಅಂಥವರು ಒಂದು ವರ್ಷ ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದರು. ಕುಪ್ಪಸ ಸಡಿಲವಾಗಿತ್ತು. ಕೇಳಿದರೆ ಮಾತು ಹಾರಿಸುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ಬಟ್ಟೆ ಒಣಗಿಸುವಾಗ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಯಾರ್ಗೂ ಯೋಳ್ಬೇಡ ಕಣಮ್ಮ. ಕೆಳ್ಗಡೆಯಿಂದ ರಕ್ತ ಓಯ್ತದೆ. ಮೂಲವ್ಯಾಧಿ ಅಂತ ಸುಮ್ಕಿದ್ದೆ."

"ಎಷ್ಟ್ ದಿನದಿಂದ್ರೀ ಅಮ್ಮಾರ?"

"ಯುಗಾದಿ ಆದಾಗ್ನಿಂದ."

ಆಗ ದಸರಾ ಮುಗಿದಿತ್ತು. ಅಂದೇ ಅವರ ಮಗನಿಗೆ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದು ಮೂಲವ್ಯಾಧಿಯಾಗಿರಲಿಲ್ಲ. ಗುದನಾಳದಲ್ಲಿ ಗಡ್ಡೆ, ಅದೂ ತೀರಾ ಕೆಳಗೆ. ತುಣುಕು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದರು. ಎಷ್ಟು ಆಳಕ್ಕಿಳಿದಿದೆ ಎಂದು ನೋಡಲು ಎಂಆರ್‌ಐ ಬರೆದುಕೊಟ್ಟರು, ಹಾಗಾಗಿ ಓನರಮ್ಮ ನನ್ನ ಮಿಷನ್ನಿನ ಮುಂದೆಯೇ ಬಂದು ನಿಂತರು.

ಮಲಗಿಸಿ, ಕಿವಿಗೆ ಹತ್ತಿ ಇಟ್ಟು, "ಸದ್ದು ಜೋರ್ ಬರ್ತದ್ರೀ, ಅಳ್ಳಾಡಬ್ಯಾಡ್ರಿ" ಅಂದೆ. ಹೊರಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಬೋರ್‌ವೆಲ್ ಕೊರ್ಯೋ ಲಾರಿ ಒಳ್ಗೇ ಮಲುಗ್ಸ್‌ಬಿಟ್ಯಲ್ಲಮ್ಮ! ನೀರಾದ್ರೂ ಸಿಕ್ತಾ?"

ನಿಜಕ್ಕೂ ನಾವು ಹುಡುಕಿದ್ದು ನೀರನ್ನೇ. ಆ ಸ್ಕ್ಯಾನಿನಲ್ಲಿ ಡಿಫ್ಯೂಷನ್ ಎಂಬ ಒಂದು ಭಾಗವಿದೆ. ಮೈಯೊಳಗಿನ ನೀರಿನ ಕಣಗಳು ಎಲ್ಲಿ ಸರಾಗವಾಗಿ ಓಡಾಡುತ್ತವೆ, ಎಲ್ಲಿ ತಡೆದು ನಿಲ್ಲುತ್ತವೆ ಎಂಬುದನ್ನು ಅದು ತೋರಿಸುತ್ತದೆ. ಕ್ಯಾನ್ಸರಿನ ಜೀವಕೋಶಗಳು ಒತ್ತೊತ್ತಾಗಿ ಬೆಳೆದಿರುವುದರಿಂದ ಅಲ್ಲಿ ನೀರಿಗೆ ಓಡಾಡಲು ಜಾಗವಿರುವುದಿಲ್ಲ, ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಇದನ್ನು ಅವರಿಗೆ ತಿಳಿಸಿ ಹೇಳಿದಾಗ ತಟ್ಟನೆ, "ಓ, ನಮ್ ವರ್ತೂರ್ ಕೋಡಿ ಸಿಗ್ನಲ್ ಇದ್ದಂಗೆ" ಅಂದರು. ಗಾಡಿಗಳು ಮುಂದೆ ಹೋಗಲಾಗದೆ ಒತ್ತೊತ್ತಾಗಿ ನಿಂತೇ ಇರುವ ಜಾಗ ಅದು. ನಾನು ಹೌದೆಂದೆ.

ಮೊದಲು ರೇಡಿಯೇಷನ್, ಜೊತೆಗೆ ಮಾತ್ರೆ, ಆಮೇಲೆ ಆಪರೇಷನ್ ಎಂದು ಸರ್ಜನ್ ಹೇಳಿದರು. ಗಡ್ಡೆ ಅಷ್ಟು ಕೆಳಗಿದ್ದುದರಿಂದ ಮಲದ್ವಾರವನ್ನೇ ತೆಗೆದು, ಹೊಟ್ಟೆಯ ಮೇಲೆ ದಾರಿ ಮಾಡಿ, ಬದುಕಿರುವವರೆಗೆ ಚೀಲ ಕಟ್ಟಿಕೊಳ್ಳಬೇಕಾಗಬಹುದು ಎಂದರು. ಅಂದು ಓನರಮ್ಮನನ್ನು ಆಟೋದಲ್ಲಿ ಮನೆಗೆ ಕರೆತಂದೆ. ಗೇಟಿನ ಹತ್ತಿರ ಇಳಿದವರೇ, "ಸಾಯಾಕೆ ನಂಗೇನ್ ಭಯ ಇಲ್ಲ ಕಣಮ್ಮ. ಚೀಲ ಕಟ್ಕಂಡ್ ಪಂಕ್ತೀಲಿ ಎಂಗ್ ಕೂರ್ಲಿ?" ಅಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

ರೇಡಿಯೇಷನ್ ಮುಗಿಯಿತು. ಉರಿ, ಸುಸ್ತು ಎಲ್ಲವನ್ನೂ ಬೈದುಕೊಂಡೇ ಸಹಿಸಿದರು. ಕೆಲವು ವಾರ ಬಿಟ್ಟು ಇನ್ನೊಂದು ಎಂಆರ್‌ಐ ಮಾಡಬೇಕಿತ್ತು. ಗಡ್ಡೆ ಪೂರ್ತಿ ಕರಗಿದ್ದರೆ ಸದ್ಯಕ್ಕೆ ಆಪರೇಷನ್ ಬೇಡ, ಕಾದು ನೋಡಬಹುದು ಎಂದು ಸರ್ಜನ್ ಒಂದು ಆಸೆ ತೋರಿಸಿದ್ದರು. ಮಾಮೂಲಿ ಚಿತ್ರದಲ್ಲಿ ಒಣಗಿದ ಗಾಯದ ಕಲೆ ಯಾವುದು, ಉಳಿದ ಗಡ್ಡೆ ಯಾವುದು ಎಂದು ಹೇಳುವುದು ಕಷ್ಟ. ಅದಕ್ಕೇ ಎಲ್ಲರ ಕಣ್ಣೂ ಆ ಡಿಫ್ಯೂಷನ್ ಚಿತ್ರದ ಮೇಲೆ.

ಸ್ಕ್ಯಾನ್ ಶುರುವಾಯಿತು. ಡಿಫ್ಯೂಷನ್ ಚಿತ್ರ ಪರದೆಯ ಮೇಲೆ ಮೂಡಿತು. ಸರಿಯಾಗಿ ಗಡ್ಡೆಯಿದ್ದ ಜಾಗದಲ್ಲೇ ಬೆಳ್ಳಗೆ, ದಪ್ಪಗೆ ಏನೋ ಹೊಳೆಯುತ್ತಿತ್ತು. ಗಾಜಿನ ಆಚೆ ಓನರಮ್ಮ ಅಲುಗಾಡದೆ ಮಲಗಿದ್ದರು… ಇವರಿಗೆ ಹೇಗೆ ಮುಖ ತೋರಿಸಲಿ ಅಂದುಕೊಂಡೇ ರೇಡಿಯಾಲಜಿಸ್ಟ್ ಮೇಡಂ ಅವರನ್ನು ಕರೆದೆ. ಅವರು ಬಂದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಚಿತ್ರವೆಲ್ಲ ಒಂದು ಕಡೆ ಎಳೆದಂತೆ ಸೊಟ್ಟಗಾಗಿತ್ತು. ಸೀದಾ ಸ್ಕ್ಯಾನ್ ಕೋಣೆಯೊಳಗೆ ಹೋಗಿ ಕೇಳಿದರು:

"ಅಮ್ಮ, ನಿನ್ನೆ ಏನು ಊಟ ಮಾಡಿದ್ರಿ?"

ಓನರಮ್ಮ ನನ್ನ ಕಡೆ ನೋಡಿದರು. ಸ್ಕ್ಯಾನಿನ ಹಿಂದಿನ ದಿನ ಮೊಸರನ್ನವಷ್ಟೇ ತಿನ್ನಿ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

"ಒಸಿ ಇತುಕುದ್ ಬ್ಯಾಳೆ ಸಾರು…"

"ಅಷ್ಟೇನಾ?"

"ಬೆಳಿಗ್ಗೆ ಅವ್ರೆಕಾಳ್ ಉಪ್ಪಿಟ್ಟು." ಹಾಗೆಂದವರೇ ಗಾಬರಿಯಿಂದ, "ಯಾಕಮ್ಮ, ಅದೂವೇ ಕಾಣ್ತದಾ ಇದ್ರಲ್ಲಿ?"

ಮೇಡಂ ಬಿದ್ದು ಬಿದ್ದು ನಕ್ಕರು. "ಅವರೆ ಕಾಣಲ್ಲಮ್ಮ, ಅದರ ಗಾಳಿ ಕಾಣುತ್ತೆ!" ಕರುಳಿನಲ್ಲಿ ಗಾಳಿ ತುಂಬಿದ್ದರೆ ಡಿಫ್ಯೂಷನ್ ಚಿತ್ರ ಕೆಡುತ್ತದೆ, ಇಲ್ಲದ ಬಿಳುಪು ಮೂಡುತ್ತದೆ. ನನಗೂ ಗೊತ್ತಿದ್ದ ವಿಷಯವೇ. ಆದರೆ ಮಲಗಿದ್ದವರು ಓನರಮ್ಮ ಆಗಿದ್ದರಿಂದ ನನ್ನ ತಲೆಯೇ ಓಡಿರಲಿಲ್ಲ. ಹಾಗೆಂದು ಅದು ಬರೀ ಗಾಳಿಯೇ ಎಂದೂ ಹೇಳುವಂತಿರಲಿಲ್ಲ. ಮತ್ತೊಮ್ಮೆ ಮಾಡಿಯೇ ತೀರಬೇಕಿತ್ತು.

ಆ ನಡುವಿನ ದಿನಗಳಲ್ಲಿ ನಾನು ಅವರ ಅಡುಗೆಮನೆಯ ಕಾವಲಿಗೆ ನಿಂತೆ. ಹಿತ್ತಲಿನಲ್ಲಿ ಅವರೆ ಗೊಂಚಲು ಗೊಂಚಲಾಗಿ ಬಿಟ್ಟಿತ್ತು. "ಕಣ್ಣಲ್ ನೋಡಾಕಾದ್ರೂ ಬಿಡು ತಾಯಿ" ಎಂದು ಗೊಣಗುತ್ತಾ ಮೊಸರನ್ನ ನುಂಗಿದರು.

ಮತ್ತೆ ಸ್ಕ್ಯಾನ್ ಮಾಡುವ ದಿನ ಬೆಳಿಗ್ಗೆಯೇ ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸಿ ಮಲಗಿಸಿದೆವು. ಚಿತ್ರ ಮೂಡಿತು. ಆ ಜಾಗ ಕಪ್ಪಗಿತ್ತು. ಮೇಡಂ ಒಂದೊಂದೇ ಚಿತ್ರವನ್ನು ಸಾವಕಾಶವಾಗಿ ನೋಡಿ, ನನ್ನ ಭುಜ ತಟ್ಟಿ ಹೋದರು. ಸರ್ಜನ್ ಬೆರಳಿಟ್ಟು ನೋಡಿ, ಕ್ಯಾಮೆರಾ ಕೊಳವೆ ಹಾಕಿ ನೋಡಿ, ಕಡೆಗೆ ಹೇಳಿದರು: "ಅಮ್ಮ, ಸದ್ಯಕ್ಕೆ ಏನೂ ಉಳಿದ ಹಾಗೆ ಕಾಣ್ತಿಲ್ಲ. ಆದ್ರೆ ವಾಪಸ್ ಬರಬಹುದು. ನಾವು ಕರೆದಾಗೆಲ್ಲ ತಪ್ಪಿಸದೆ ಬರ್ತೀರಾ?"

"ಬತ್ತೀನಿ ಸಾರ್. ಅವ್ರೆ ತಿನ್ದಲೇ ಬತ್ತೀನಿ."

ಆಮೇಲಿನ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ನಮ್ಮ ಸೆಂಟರಿಗೆ ಅವರು ಬರುವುದೆಂದರೆ ನೆಂಟರು ಬಂದ ಹಾಗೆ. ಹೆದರಿ ಮುದುಡಿ ಕೂತವರ ಪಕ್ಕ ಹೋಗಿ ಕೂತು, "ಏನಾಯ್ತಕ್ಕ ನಿಂಗೆ? ನಂಗೂ ಅದೇ" ಎಂದು ಶುರು ಮಾಡಿದರೆ ಹಾಲ್ ಎಲ್ಲ ಗಲಗಲ. ನನ್ನ ಮದುವೆಗೆ ಗದಗದವರೆಗೂ ರೈಲಿನಲ್ಲಿ ಬಂದರು. ಮೊದಲ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಕೇಳಿ ಹಾಕಿಸಿಕೊಂಡರು. ನಮ್ಮವ್ವನಿಗೆ ಅವರ ಮಾತು ಅರ್ಧ ತಿಳಿಯಲಿಲ್ಲ, ಅವರಿಗೆ ನಮ್ಮವ್ವನದು. ಆದರೂ ಇಬ್ಬರೂ ಇಡೀ ಮಧ್ಯಾಹ್ನ ಹರಟಿದರು.

ಮದುವೆಯಾದ ಮೇಲೆ ನಾನು ಸಿಂಗಸಂದ್ರಕ್ಕೆ ಬಂದೆ, ಕೆಲಸವೂ ಈ ಕಡೆ ಬದಲಾಯಿತು. ಫೋನಿನಲ್ಲಿ ಮಾತಾಡುತ್ತಿದ್ದೆವು… ಹೋದ ಬೇಸಿಗೆಯಲ್ಲಿ ಅವರ ಮಗ ಫೋನ್ ಮಾಡಿ, "ಅಮ್ಮ ಓಗ್ಬಿಟ್ರು ಮೇಡಂ" ಅಂದರು.

ನಾನು ಮೊದಲು ಕೇಳಿದ್ದು, "ಅದು ತಿರುಗಿ ಬಂತೇನ್ರೀ?"

"ಇಲ್ಲ ಮೇಡಂ, ಅದು ಬರ್ಲೇ ಇಲ್ಲ. ಆರ್ಟ್ ಅಟ್ಯಾಕು. ಮದ್ವೆಗೆ ಓಗಿ ಬಂದು, ಸೀರೆ ಮಡಿಸ್ತಾ ಕೂತಿದ್ರು."

ಅದು ಬರಲೇ ಇಲ್ಲ ಎಂಬ ಮಾತಿಗೆ ಒಂದು ಕ್ಷಣ ಹಗುರಾದೆ. ಆಮೇಲೆ ಅಳು ಬಂತು.

ಈಗ ನಾನಿರುವ ಮನೆಯ ಓನರ್ ಹೇಗಿದ್ದಾರೆಂದು ನಾನು ನೋಡಿಲ್ಲ, ಎಲ್ಲ ಫೋನಿನಲ್ಲೇ ಮುಗಿಯುತ್ತದೆ. ಒಳ್ಳೆಯ ಮನೆ, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತುವಾಗ, "ಬಂದ್ಯೇನಮ್ಮ?" ಎಂದು ಕೆಳಗಿನಿಂದ ಯಾರೂ ಕೇಳುವುದಿಲ್ಲ.